ರೈಡಿಗೆ ಓಡಬೇಡ, ಗೋಡೆ ನೋಡು

ಗೋರೆಗಾಂವ್, ಮುಂಬೈ

ಪ್ರಿಯ ಸತೀಶ,

ಟಿಕೆಟ್ ಬುಕ್ ಆಯ್ತು ಅಂತ ನಿನ್ನ ಮೆಸೇಜು ಬಂತು. ದೀಪಾವಳಿ ರಜೆಗೆ ಫ್ಲೋರಿಡಾ, ಅದೂ ಅಮ್ಮನನ್ನೂ ಕರೆದುಕೊಂಡು! ಪುಣೆಯಲ್ಲಿ ಕೂತು ಯಾವ ರೈಡು ಎಷ್ಟು ಗಂಟೆಗೆ ಅಂತ ಎಕ್ಸೆಲ್ ಶೀಟ್ ಬೇರೆ ಮಾಡಿದ್ದೀಯಂತೆ. ಮಾಡು, ಬೇಡ ಅನ್ನುವುದಿಲ್ಲ. ಆದರೆ ವಾಲ್ಟ್ ಡಿಸ್ನಿ ವರ್ಲ್ಡಿನಲ್ಲಿ ಏನು ನೋಡಬೇಕು ಅಂತ ನನ್ನನ್ನು ಕೇಳಿದೆಯಲ್ಲ, ರೈಡುಗಳ ವಿಷಯ ನನ್ನಿಂದ ನಿರೀಕ್ಷಿಸಬೇಡ. ನನ್ನ ಕಸುಬು ನಿನಗೆ ಗೊತ್ತು. ಫಿಲ್ಮ್ ಸಿಟಿಯಲ್ಲಿ ಪ್ಲೈವುಡ್ಡಿನ ಮೇಲೆ ಪಿಒಪಿ ಹಚ್ಚಿ ಅರಮನೆ ನಿಲ್ಲಿಸುವವನು ನಾನು. ನಿನ್ನೆ ಕಟ್ಟಿದ ಗೋಡೆಗೆ ನೂರು ವರ್ಷದ ಕಿಲುಬು ಬಳಿಸುವವನು. ಮಗಳು ಅಮೆರಿಕದಲ್ಲಿದ್ದಾಗ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಎಲ್ಲರೂ ಕ್ಯೂ ಹಿಡಿದು ಓಡುತ್ತಿದ್ದರೆ ನಾನು ಗೋಡೆ ತಟ್ಟಿಕೊಂಡು ನಿಂತಿದ್ದೆ. ಅವಳಿಗೆ ನಾಚಿಕೆಯೋ ನಾಚಿಕೆ.

ನಮ್ಮ ಸೆಟ್ಟು ಒಂದು ಮಗ್ಗುಲಿನಿಂದ ಮಾತ್ರ ಅರಮನೆ, ಮಾರಾಯ. ಹಿಂದೆ ಹೋದರೆ ಬಿದಿರು, ಮೊಳೆ, ಸುತ್ತಿಟ್ಟ ಹಗ್ಗ. ಅದೂ ಶೂಟಿಂಗ್ ಮುಗಿಯುವ ತನಕ. ಅವರದ್ದು ನಾಲ್ಕೂ ಕಡೆಯಿಂದ ಕಾಣಬೇಕು, ಜನ ಮುಟ್ಟಿದರೂ ಮಳೆ ಹೊಡೆದರೂ ತಡೆಯಬೇಕು. 1971ರ ಅಕ್ಟೋಬರ್ 1ಕ್ಕೆ ಬಾಗಿಲು ತೆಗೆದ ಸೆಟ್ಟು ಅದು. ಇನ್ನೂ ನಿಂತಿದೆ.

ಮೊದಲು ಆ ಅರಮನೆಯನ್ನೇ ನೋಡು, ಸಿಂಡರೆಲ್ಲಾ ಕ್ಯಾಸಲ್. ಕಲ್ಲಿನ ಕೋಟೆಯ ಹಾಗೆ ಕಾಣುತ್ತದೆ. ಒಂದೇ ಒಂದು ಇಟ್ಟಿಗೆ ಇಲ್ಲ! ಉಕ್ಕು, ಕಾಂಕ್ರೀಟು, ಫೈಬರ್‌ಗ್ಲಾಸು, ಅಷ್ಟೇ. ಕೆಳಗಿನ 'ಕಲ್ಲು' ದೊಡ್ಡದು, ಮೇಲೆ ಹೋದ ಹಾಗೆ ಕಲ್ಲು, ಕಿಟಕಿ, ಗೋಪುರ ಎಲ್ಲ ಸಣ್ಣದಾಗುತ್ತಾ ಹೋಗುತ್ತದೆ. ಕಣ್ಣು ಮೋಸ ಹೋಗಿ ಇನ್ನೂ ಎತ್ತರ ಅಂದುಕೊಳ್ಳುತ್ತದೆ. ಈ ಟ್ರಿಕ್ ನಾವೂ ಮಾಡುತ್ತೇವೆ, ಆದರೆ ಕ್ಯಾಮೆರಾ ಅಲ್ಲಾಡಿದರೆ ನಮ್ಮ ಬಣ್ಣ ಬಯಲು. ನಿಜವಾದ ಎತ್ತರ 189 ಅಡಿ. ಇನ್ನೂ ಏರಿಸಬಹುದಿತ್ತಲ್ಲ ಅಂತ ನೀನು ಕೇಳುತ್ತೀಯ. ಅಲ್ಲಿ 200 ಅಡಿ ದಾಟಿದರೆ ವಿಮಾನಗಳಿಗೆ ಕಾಣಲಿ ಅಂತ ತುದಿಗೆ ಮಿಣುಕು ದೀಪ ಹಾಕಬೇಕು. ಸಿಂಡರೆಲ್ಲಾ ಮನೆಯ ಮೇಲೆ ಕೆಂಪು ದೀಪ ಹಚ್ಚಿದರೆ ಹೇಗಿರುತ್ತೆ, ಯೋಚಿಸು. ಡಿಸ್ನಿ ವರ್ಲ್ಡಿನ ಒಳಗೇ ಬೇರೆ ಬೇರೆ ಪಾರ್ಕುಗಳಿವೆ, ಇನ್ನೊಂದು ಪಾರ್ಕಿನ ಟವರ್ ಆಫ್ ಟೆರರ್ ಎಂಬ ರೈಡಿನ ಕಟ್ಟಡ 199 ಅಡಿಗೆ ನಿಂತಿದೆ. ಕಾರಣ ಅದೇ.

ಕ್ಯಾಸಲಿನ ಕೆಳಗೆ ಹಾದುಹೋಗುವ ದಾರಿ ಇದೆ. ಜನ ಅದರಲ್ಲಿ ನಮ್ಮ ದಾದರ್ ಬ್ರಿಜ್ಜಿನ ಮೇಲೆ ನುಗ್ಗುವ ಹಾಗೆ ನುಗ್ಗುತ್ತಾರೆ. ನೀನು ಅಮ್ಮನ ಕೈ ಹಿಡಿದು ಗೋಡೆಯ ಪಕ್ಕಕ್ಕೆ ನಿಲ್ಲು. ಐದು ದೊಡ್ಡ ಮೊಸಾಯಿಕ್ ಚಿತ್ರಗಳಿವೆ, ಒಂದೊಂದೂ 15 ಅಡಿ ಎತ್ತರ, 10 ಅಡಿ ಅಗಲ. ಬಣ್ಣದ ಗಾಜಿನ ಚೂರುಗಳಿಂದ ಜೋಡಿಸಿದ ಸಿಂಡರೆಲ್ಲಾ ಕತೆ. ನಡುವೆ ನಿಜವಾದ ಬಂಗಾರ, ಬೆಳ್ಳಿ ಸೇರಿಸಿದ ಚೂರುಗಳೂ ಇವೆ. ಗಾಜಿನ ಚಪ್ಪಲಿ ತೊಡಿಸುವ ಚಿತ್ರದಲ್ಲಿ ಮಲಅಕ್ಕಂದಿರಿಬ್ಬರ ಮುಖ ನೋಡು. ಒಬ್ಬಳದು ಸಿಟ್ಟಿಗೆ ಕೆಂಪಾಗಿದೆ, ಇನ್ನೊಬ್ಬಳದು ಹೊಟ್ಟೆಕಿಚ್ಚಿಗೆ ಹಸಿರಾಗಿದೆ. ಯಕ್ಷಗಾನದ ಮುಖವರ್ಣಿಕೆ ನೋಡಿ ಬೆಳೆದ ಅಮ್ಮನಿಗೆ ಇದನ್ನು ವಿವರಿಸುವ ಕೆಲಸವೇ ಇಲ್ಲ.

ಚಿತ್ರದ ವಿನ್ಯಾಸ ಡೊರೊಥಿಯಾ ರೆಡ್ಮಂಡ್ ಎಂಬಾಕೆಯದು. ಗಾಜು ಜೋಡಿಸಿದವನು ಹ್ಯಾನ್ಸ್ ಶಾರ್ಫ್. ಈ ಮನುಷ್ಯನ ಕತೆ ಕೇಳು. ಎರಡನೇ ಮಹಾಯುದ್ಧದಲ್ಲಿ ಇವನು ಜರ್ಮನ್ ವಾಯುಪಡೆಯ ವಿಚಾರಣಾಧಿಕಾರಿ. ಸೆರೆಸಿಕ್ಕ ಅಮೆರಿಕನ್ ಪೈಲಟ್‌ಗಳ ಬಾಯಿ ಬಿಡಿಸುವುದು ಇವನ ಕೆಲಸ. ಹೊಡೆತ ಇಲ್ಲ, ಬಡಿತ ಇಲ್ಲ. ಜೊತೆಗೆ ಕಾಡಿನಲ್ಲಿ ವಾಕಿಂಗ್ ಹೋಗುವುದು, ನಗುನಗುತ್ತಾ ಹರಟುವುದು. ತಾವು ಗುಟ್ಟು ಹೇಳುತ್ತಿದ್ದೇವೆ ಅಂತ ಅವರಿಗೇ ಗೊತ್ತಾಗುತ್ತಿರಲಿಲ್ಲವಂತೆ. ಯುದ್ಧ ಮುಗಿದ ಮೇಲೆ ಅಮೆರಿಕದವರೇ ಇವನನ್ನು ಭಾಷಣಕ್ಕೆ ಕರೆಸಿದರು. ಬಂದವನು ಅಲ್ಲೇ ನೆಲೆನಿಂತು ಮೊಸಾಯಿಕ್ ಕಲಾವಿದನಾದ. ಮಕ್ಕಳು ದಿನಾ ಬೆರಳಾಡಿಸುವ ಆ ಗಾಜಿನ ಚೂರುಗಳನ್ನು ಜೋಡಿಸಿದ ಕೈ ಯಾವುದು ನೋಡು! ಆ ಗೋಡೆಯ ಮುಂದೆ ಮಗಳು ನನ್ನನ್ನು ಹೊರಡಿಸಲು ಎಷ್ಟು ಕಷ್ಟಪಟ್ಟಳು ಅಂತ ಅವಳನ್ನೇ ಕೇಳು.

ಕ್ಯಾಸಲಿನ ಹಿಂದೆ ಒಂದು ಸಣ್ಣ ಕಾರಂಜಿ, ಅದರಲ್ಲಿ ಬಡ ಸಿಂಡರೆಲ್ಲಾಳ ಕಂಚಿನ ಮೂರ್ತಿ. ನಿಂತು ನೋಡಿದರೆ ಬರೀ ಕೆಲಸದ ಹುಡುಗಿ. ಮಗುವಿನ ಎತ್ತರಕ್ಕೆ ಬಗ್ಗಿ ನೋಡಿದರೆ ಹಿಂದಿನ ಗೋಡೆಯಲ್ಲಿರುವ ಕಿರೀಟ ಸರಿಯಾಗಿ ಅವಳ ತಲೆಯ ಮೇಲೆ ಕೂರುತ್ತದೆ. ನಿನ್ನ ಸಣ್ಣವಳಿಗೆ ಮೊದಲೇ ಹೇಳಬೇಡ. ಅವಳಿಗೆ ತಾನಾಗಿಯೇ ಕಾಣುತ್ತದೆ, ನಿನಗೆ ಕಾಣುವುದಿಲ್ಲ.

ಇನ್ನು ನೀನು ನೆಲ ಅಂದುಕೊಂಡು ಓಡಾಡುವ ಜಾಗ ಇದೆಯಲ್ಲ, ಈ ಕ್ಯಾಸಲ್ ಇರುವ ಪಾರ್ಕು, ಮ್ಯಾಜಿಕ್ ಕಿಂಗ್‌ಡಮ್, ಅದು ನೆಲವೇ ಅಲ್ಲ, ಮೊದಲ ಮಹಡಿ. ಅದರ ಕೆಳಗೆ ಸುಮಾರು 9 ಎಕರೆಯಷ್ಟು ಸುರಂಗಗಳು. ವೇಷ ಹಾಕಿದವರು, ಅಡುಗೆಯವರು, ಸಾಮಾನಿನ ಗಾಡಿ ಎಲ್ಲ ಕೆಳಗಿನಿಂದಲೇ ಓಡಾಡುತ್ತವೆ. ಕ್ಯಾಲಿಫೋರ್ನಿಯಾದ ಹಳೆಯ ಡಿಸ್ನಿಲ್ಯಾಂಡಿನಲ್ಲಿ ಒಬ್ಬ ಕೌಬಾಯ್ ವೇಷದವನು ಭವಿಷ್ಯದ ನಗರದ ನಡುವೆ ನಡೆದುಹೋಗುವುದನ್ನು ವಾಲ್ಟ್ ಡಿಸ್ನಿ ನೋಡಿ ಕಸಿವಿಸಿಗೊಂಡನಂತೆ. ಅಲ್ಲಿಂದ ಹುಟ್ಟಿದ ಐಡಿಯಾ ಇದು ಅನ್ನುತ್ತಾರೆ. ನಮ್ಮ ಕಡೆ ಶಾಟ್ ನಡುವೆ ಮೊಘಲ್ ಸೈನಿಕ ಚಾಯ್ ಕುಡಿಯುತ್ತಾ ಫ್ರೇಮಿಗೆ ಬಂದರೆ ಏನಾಗುತ್ತೆ ಅಂತ ನನಗೆ ಗೊತ್ತು, ಹಾಗಾಗಿ ಆ ಸಂಕಟ ಅರ್ಥವಾಗುತ್ತದೆ. ಆದರೆ ಫ್ಲೋರಿಡಾದಲ್ಲಿ ಸ್ವಲ್ಪ ಅಗೆದರೆ ನೀರು. ಅದಕ್ಕೆ ಅಗೆಯುವ ಬದಲು ಸುರಂಗವನ್ನು ನೆಲದ ಮೇಲೇ ಕಟ್ಟಿ, ಪಕ್ಕದಲ್ಲಿ ಕೆರೆ ತೋಡಿ, ಆ ಮಣ್ಣನ್ನು ಸುತ್ತ ತುಂಬಿ, ಮೇಲೆ ಪಾರ್ಕ್ ಮಾಡಿದರು. ನೀನು ದೋಣಿಯಲ್ಲಿ ದಾಟಿಬರುವ ಕೆರೆ ಅದೇ. ಕಸವೂ ಅಷ್ಟೇ, ಕೊಳವೆಗೆ ಹಾಕಿದರೆ ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ಗಾಳಿ ಎಳೆದುಕೊಂಡು ಹೋಗುತ್ತದೆ. ಸ್ವೀಡನ್ನಿನವರ ಯಂತ್ರ.

ದೋಣಿ ಅಂದೆನಲ್ಲ, ಅವುಗಳಲ್ಲಿ ಒಂದರ ಹೆಸರು 'ಜನರಲ್ ಜೋ ಪಾಟರ್'. ಯಾರೂ ಓದದ ಹೆಸರು. ಮುಂಬೈಯವನಾದ ನಾನು ಮಾತ್ರ ಆ ಮನುಷ್ಯನಿಗೆ ಕೈಮುಗಿಯುತ್ತೇನೆ. ಪನಾಮಾ ಕಾಲುವೆ ವಲಯದ ಗವರ್ನರ್ ಆಗಿದ್ದ ಮಿಲಿಟರಿ ಎಂಜಿನಿಯರ್. ಇಡೀ ಜಾಗ ಜೌಗು, ಸೊಳ್ಳೆಯ ಗೂಡು. ಈತ 40 ಮೈಲಿಗೂ ಹೆಚ್ಚು ಉದ್ದದ ಕಾಲುವೆ ತೋಡಿಸಿದ. ಕಾಲುವೆ ಅಂತ ಗೊತ್ತಾಗಬಾರದು ಅಂತ ಹೊಳೆಯ ಹಾಗೆ ಬಳುಕಿಸಿದರು. ನೀರು ಏರಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಕರೆಂಟು ಬೇಡ, ಸ್ವಿಚ್ ಒತ್ತುವವನೂ ಬೇಡ. ಜುಲೈ ಮಳೆಯಲ್ಲಿ ಹಿಂದ್‌ಮಾತಾದಲ್ಲಿ ಮೊಣಕಾಲು ನೀರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರಿಗೆ ಇದಕ್ಕಿಂತ ದೊಡ್ಡ ಮ್ಯಾಜಿಕ್ ಯಾವುದು ಹೇಳು?

ಸೊಳ್ಳೆಗೆ ಇನ್ನೊಂದು ಉಪಾಯ ಇದೆ. ಆ ಜಾಗದ ಸುತ್ತ, ಜನರ ಕಣ್ಣಿಗೆ ಬೀಳದ ಕಡೆ ಕೋಳಿಗೂಡುಗಳಿವೆ. ಮೊಟ್ಟೆಗಲ್ಲ. ಆಗಾಗ ಆ ಕೋಳಿಗಳ ರಕ್ತ ಪರೀಕ್ಷೆ ಮಾಡುತ್ತಾರೆ. ವೆಸ್ಟ್ ನೈಲ್ ವೈರಸ್ ಹೊತ್ತ ಸೊಳ್ಳೆ ಕಚ್ಚಿದ್ದರೆ ಕೋಳಿಯ ರಕ್ತದಲ್ಲಿ ಗೊತ್ತಾಗುತ್ತದೆ, ಕೋಳಿಗೆ ಮಾತ್ರ ಏನೂ ಆಗುವುದಿಲ್ಲ. ಯಾವ ಕಡೆ ಸೊಳ್ಳೆ ಔಷಧಿ ಹೊಡೆಯಬೇಕು ಅಂತ ಹಾಗೆ ತಿಳಿಯುತ್ತದೆ. ಅಷ್ಟು ದೊಡ್ಡ ಕಂಪನಿಯ ಸೊಳ್ಳೆ ಕಾವಲಿಗೆ ಕೋಳಿ!

ಒಟ್ಟು ಜಾಗ ಎಷ್ಟು ಗೊತ್ತಾ? ಸುಮಾರು 25 ಸಾವಿರ ಎಕರೆ. ನಮ್ಮ ಬೊರಿವಲಿ ನ್ಯಾಷನಲ್ ಪಾರ್ಕಿನಷ್ಟು ಅಂದುಕೋ. 1960ರ ದಶಕದಲ್ಲಿ ಇದನ್ನು ಗುಟ್ಟಾಗಿ, ಬೇರೆ ಬೇರೆ ಹೆಸರಿನ ಸಣ್ಣ ಕಂಪನಿಗಳ ಮೂಲಕ ಕೊಂಡರು. ಎಕರೆಗೆ ಸರಾಸರಿ 200 ಡಾಲರಿಗಿಂತ ಕಡಿಮೆ. 1965ರ ಅಕ್ಟೋಬರಿನಲ್ಲಿ ಪತ್ರಿಕೆಯವರು ಗುಟ್ಟು ಹೊರಹಾಕಿದರು, ರೇಟು ಆಕಾಶಕ್ಕೆ ಹೋಯಿತು. ಅಷ್ಟರಲ್ಲಿ ಬೇಕಾದದ್ದು ಬಹುತೇಕ ಕೈಸೇರಿತ್ತು. ಮಜಾ ಏನಂದರೆ, ಆ ಡಮ್ಮಿ ಕಂಪನಿಗಳ ಹೆಸರನ್ನು ಮುಚ್ಚಿಡಲಿಲ್ಲ, ಪಾರ್ಕಿನೊಳಗಿನ ಮೇನ್ ಸ್ಟ್ರೀಟ್ ಎಂಬ ಬೀದಿಯ ಒಂದು ಕಿಟಕಿಯ ಮೇಲೆ ಬರೆಸಿ ಇಟ್ಟಿದ್ದಾರೆ. 'ಎಂ.ಟಿ. ಲಾಟ್ ರಿಯಲ್ ಎಸ್ಟೇಟ್' ಅಂತ ಹುಡುಕು. ಆ ಹೆಸರನ್ನು ಬೇಗ ಬೇಗ ಓದು, 'ಎಂಪ್ಟಿ ಲಾಟ್', ಅಂದರೆ ಖಾಲಿ ಸೈಟು ಅನ್ನುವ ಜೋಕು ತಿಳಿಯುತ್ತದೆ.

ಆ ಬೀದಿಯ ಮಹಡಿ ಕಿಟಕಿಗಳಲ್ಲೆಲ್ಲ ಹೆಸರುಗಳೇ. ದಂತವೈದ್ಯ, ದರ್ಜಿ ಅಂತ ಅಂಗಡಿ ಬೋರ್ಡಿನ ವೇಷ, ಒಳಗೆ ನೋಡಿದರೆ ಪಾರ್ಕ್ ಕಟ್ಟಿದವರ ಹೆಸರು. ಸಿನಿಮಾ ಶುರುವಾಗುವ ಮುಂಚೆ ಟೈಟಲ್ ಕಾರ್ಡ್ ಬರುತ್ತಲ್ಲ, ಇದು ಅದೇ ಲೆಕ್ಕ. ನಮ್ಮ ಸೆಟ್ಟಿಂಗ್ ದಾದಾಗಳ ಹೆಸರು ಟೈಟಲ್ಲಿನಲ್ಲಿ ಬರುವುದೇ ಅಪರೂಪ. ಬಂದರೂ ಸಿನಿಮಾದ ಕೊನೆಗೆ, ಅಷ್ಟೊತ್ತಿಗೆ ಥಿಯೇಟರ್ ಖಾಲಿ. ಇನ್ನು ವಾಲ್ಟ್‌ಗೆ ಈ ಜಾಗ ಸಿದ್ಧವಾದದ್ದನ್ನು ನೋಡುವ ಯೋಗ ಇರಲಿಲ್ಲ, 1966ರ ಡಿಸೆಂಬರಿನಲ್ಲೇ ತೀರಿಹೋದ. ನಿವೃತ್ತಿ ಮುಂದೂಡಿ ಕಟ್ಟಿಸಿದವನು ಅಣ್ಣ ರಾಯ್. ತಮ್ಮನ ಪೂರ್ತಿ ಹೆಸರೇ ಇರಬೇಕು ಅಂತ ಹಟ ಹಿಡಿದು 'ವಾಲ್ಟ್' ಸೇರಿಸಿದ. ಉದ್ಘಾಟನೆಯಾಗಿ ಮೂರು ತಿಂಗಳು ತುಂಬುವ ಮೊದಲೇ ಅವನೂ ಹೋದ.

ದೆವ್ವದ ಮನೆಗೆ, ಹಾಂಟೆಡ್ ಮ್ಯಾನ್ಷನ್‌ಗೆ ಮಕ್ಕಳು ಕರೆದುಕೊಂಡು ಹೋಗಿಯೇ ಹೋಗುತ್ತಾರೆ. ಉದ್ದವಾಗುತ್ತಾ ಹೋಗುವ ಕೋಣೆಯಲ್ಲಿ ಇಲ್ಲಿ ಚಾವಣಿ ಮೇಲಕ್ಕೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೆಲವೇ ಕೆಳಕ್ಕಿಳಿಯುತ್ತದೆ, ಯಾಕಂದರೆ ಅಲ್ಲಿ ರೈಲು ಹಳಿಯ ಅಡಿಯಿಂದ ಜನರನ್ನು ಆಚೆ ಸಾಗಿಸಬೇಕು. ಕುಣಿಯುವ ದೆವ್ವಗಳು 1862ರಲ್ಲಿ ಲಂಡನ್ನಿನಲ್ಲಿ ಪೆಪ್ಪರ್ ಎಂಬವನು ತೋರಿಸಿದ ಗಾಜಿನ ಆಟ. ದೊಡ್ಡ ಗಾಜು, ಕತ್ತಲಲ್ಲಿ ಅಡಗಿದ ಗೊಂಬೆ, ಅದರ ಮೇಲೆ ಬೆಳಕು. ಕಂಪ್ಯೂಟರ್ ಇಲ್ಲ, ಗಿಂಪ್ಯೂಟರ್ ಇಲ್ಲ. ಕಂಪನಿ ನಾಟಕದ ಟ್ರಿಕ್ ಸೀನಿಗೆ ಬಾಯಿಬಿಟ್ಟುಕೊಂಡು ಕೂತವರಲ್ಲವಾ ನಾವು, ನಿನಗೆ ಇಷ್ಟವಾಗುತ್ತದೆ.

ಮಿಕ್ಕಿ ಮುಖದ ಮೂರು ಸೊನ್ನೆಗಳನ್ನು ಎಲ್ಲೆಲ್ಲೋ ಅಡಗಿಸಿದ್ದಾರೆ, ಅದನ್ನು ಮಕ್ಕಳು ಹುಡುಕಿಕೊಳ್ಳಲಿ. ನೀನು ಅಲ್ಲಿನ ಕಾಂಟೆಂಪರರಿ ಹೋಟೆಲ್ಲಿಗೆ ಒಂದು ಸುತ್ತು ಹೋಗಿ ಬಾ. ಮೊನೊರೈಲು ಕಟ್ಟಡದ ಒಳಗೇ ನುಗ್ಗಿ ಹೋಗುತ್ತದೆ. (ನಮ್ಮ ಚೆಂಬೂರಿನದ್ದನ್ನು ನೆನೆಸಿಕೊಂಡು ನಗಬೇಡ.) ಒಳಗೆ ಡಿಸ್ನಿಯ ಕಲಾವಿದೆ ಮೇರಿ ಬ್ಲೇರ್ ಮಾಡಿದ 90 ಅಡಿ ಎತ್ತರದ ಟೈಲ್ಸ್ ಚಿತ್ರ. ಅದರಲ್ಲೊಂದು ಆಡು, ಐದು ಕಾಲಿನದು! ಬೇಕಂತಲೇ ಇಟ್ಟ ಕುಂದು ಅನ್ನುತ್ತಾರೆ, ಚಂದದ ಮಗುವಿನ ಕೆನ್ನೆಗೆ ಇಡುವ ದೃಷ್ಟಿಬೊಟ್ಟಿನ ಹಾಗೆ. ಅಮ್ಮನಿಗೆ ತೋರಿಸು. ಅಧ್ಯಕ್ಷ ನಿಕ್ಸನ್ 'ನಾನು ವಂಚಕನಲ್ಲ' ಅಂದದ್ದೂ ಇದೇ ಹೋಟೆಲ್ಲಿನಲ್ಲಿ, 1973ರ ನವೆಂಬರಿನಲ್ಲಿ. ಪಕ್ಕದ ಪಾಲಿನೇಷಿಯನ್ ಹೋಟೆಲ್ಲಿನಲ್ಲಿ 1974ರ ಡಿಸೆಂಬರಿನಲ್ಲಿ ಜಾನ್ ಲೆನನ್ ಸಹಿ ಹಾಕಿ ಬೀಟಲ್ಸ್ ತಂಡದ ಲೆಕ್ಕ ಚುಕ್ತಾ ಮಾಡಿದ. ರಜೆಗೆ ಬಂದ ಜಾಗದಲ್ಲಿ ಏನೇನು ನಡೆದಿದೆ ನೋಡು.

ಕೊನೆಗೆ ಅನಿಮಲ್ ಕಿಂಗ್‌ಡಮ್, ಪ್ರಾಣಿಗಳ ಪಾರ್ಕು. ಅದಕ್ಕೆ ಒಂದು ಪೂರ್ತಿ ದಿನ ಇಡು, ಎಕ್ಸೆಲ್ ಶೀಟಿನಲ್ಲಿ ಅರ್ಧ ದಿನ ಹಾಕಿದ್ದರೆ ತಿದ್ದು. ನಡುವಿನ 145 ಅಡಿಯ ಮರದ ಒಳಗಿರುವ ಅಸ್ಥಿಪಂಜರ ಸಮುದ್ರದ ತೈಲ ರಿಗ್ಗಿನ ಮಾದರಿಯದು, ಬಾಂಬೆ ಹೈನಲ್ಲಿ ನಿಲ್ಲಿಸುತ್ತಾರಲ್ಲ, ಅಂಥದ್ದು. ಎಲೆಗಳು ಒಂದು ಲಕ್ಷಕ್ಕೂ ಜಾಸ್ತಿ, ಕೈಯಿಂದ ಸಿಕ್ಕಿಸಿದ್ದು. ಬೊಡ್ಡೆಯಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಾಣಿಗಳನ್ನು ಕೆತ್ತಿದ್ದಾರೆ. ಸಫಾರಿಯ ಕೆಸರು ರಸ್ತೆ ಕೆಸರಲ್ಲ, ಬಣ್ಣ ಬೆರೆಸಿದ ಕಾಂಕ್ರೀಟು. ಹಸಿ ಇರುವಾಗಲೇ ಟೈರು ಉರುಳಿಸಿ, ಕಲ್ಲು ಒತ್ತಿ ಗುರುತು ಮೂಡಿಸಿದ್ದು. ಕೆಳಗಿಳಿದು ಮುಟ್ಟಬೇಕು ಅನ್ನಿಸಿತು ನನಗೆ, ಬಿಡುವುದಿಲ್ಲ.

ಅಲ್ಲಿ ನಮ್ಮ ಕಡೆಯದ್ದೂ ಒಂದು ಊರಿದೆ, 'ಆನಂದಪುರ' ಅಂತ. ಭೂಪಟದಲ್ಲಿ ಇಲ್ಲದ ರಾಜ್ಯ. ಮಾಸಿದ ಸುಣ್ಣ, ಕೈಯಲ್ಲಿ ಬರೆದ ಅಂಗಡಿ ಬೋರ್ಡು, ಪಾಳುಬಿದ್ದ ಅರಮನೆಯಲ್ಲಿ ಹುಲಿ. ಹುಲಿಯ ಹಿಂದೆಯೇ ಕೃಷ್ಣಮೃಗಗಳು ಮೇಯುತ್ತಿರುತ್ತವೆ, ನಡುವೆ ಕಂದಕ ಇರುವುದು ನಮಗೆ ಕಾಣುವುದಿಲ್ಲ. ನಾನು ಗೋಡೆಯ ಏಜಿಂಗ್ ಕೆಲಸದಲ್ಲಿ ತಪ್ಪು ಹುಡುಕಲೆಂದೇ ಹತ್ತಿರ ಹೋದೆ. ಸುಣ್ಣ ಎದ್ದುಬಂದ ಕಡೆ ಕೆಳಗಿನ ಹಳೆಯ ಬಣ್ಣ, ಅದರ ಕೆಳಗೆ ಇನ್ನೊಂದು ಬಣ್ಣ. ಕೈ ತಾಗುವ ಎತ್ತರದಲ್ಲಿ ಮಾತ್ರ ಜಿಡ್ಡು, ಮಳೆನೀರು ಇಳಿಯುವ ಕಡೆ ಮಾತ್ರ ಪಾಚಿಯ ಗೆರೆ. ಕಾರಣವಿಲ್ಲದ ಕಲೆ ಒಂದೂ ಇಲ್ಲ, ಮಾರಾಯ. ನಮ್ಮ ಹುಡುಗರು ಆತುರದಲ್ಲಿ ಎಲ್ಲ ಕಡೆಯೂ ಒಂದೇ ಸಮ ಮಸಿ ಬಳಿಯುತ್ತಾರೆ. ಬಂದ ಮೇಲೆ ಅವರಿಗೆ ಫೋಟೋ ತೋರಿಸಿದೆ. "ದಾದಾ, ಇದಕ್ಕೆ ಟೈಮ್ ಎಷ್ಟು ಕೊಟ್ಟಿದ್ದರು?" ಅಂತ ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆಯೇ.

ಆನಂದಪುರದ ಹಿಂದೆಯೇ ಎಕ್ಸ್‌ಪೆಡಿಷನ್ ಎವರೆಸ್ಟ್, ಕೃತಕ ಬೆಟ್ಟದೊಳಗೆ ನುಗ್ಗುವ ರೋಲರ್ ಕೋಸ್ಟರ್ ರೈಲು, 2006ರದ್ದು. ರೈಡಿನ ವಿಷಯ ಬೇಡ ಅಂದಿದ್ದೆ, ಇದೊಂದಕ್ಕೆ ವಿನಾಯಿತಿ. ಒಳಗೆ ಸುಮಾರು 25 ಅಡಿಯ ಯೇತಿ, ಅಂದರೆ ಹಿಮಮಾನವನ ಗೊಂಬೆ ಇದೆ. ರೈಲಿನ ಮೇಲೆ ಕೈ ಬೀಸಲೆಂದು ಮಾಡಿದ ಭಾರೀ ಯಂತ್ರ. ಶುರುವಾದ ಕೆಲವೇ ತಿಂಗಳಲ್ಲಿ ಅದು ಅಲ್ಲಾಡುವುದು ನಿಂತಿತು. ರಿಪೇರಿ ಸುಲಭದ್ದಲ್ಲ, ಬೆಟ್ಟವನ್ನೇ ಬಿಚ್ಚಬೇಕು. ಅದಕ್ಕೆ ಏನು ಮಾಡಿದರು? ಮುಂದೊಂದು ಮಿಂಚುವ ಸ್ಟ್ರೋಬ್ ಲೈಟು ಹಾಕಿದರು. ಪಟಪಟ ಬೆಳಕಿನಲ್ಲಿ, ಓಡುವ ರೈಲಿನಿಂದ ನೋಡಿದರೆ ಅದು ಅಲ್ಲಾಡಿದ ಹಾಗೇ ಅನ್ನಿಸುತ್ತದೆ. ಅಭಿಮಾನಿಗಳು ಅದಕ್ಕೆ 'ಡಿಸ್ಕೊ ಯೇತಿ' ಅಂತ ಹೆಸರಿಟ್ಟಿದ್ದಾರೆ. ಇದು ಥೇಟ್ ನಮ್ಮ ಫಿಲ್ಮ್ ಸಿಟಿಯ ಬುದ್ಧಿ! ಗೊಂಬೆ ಕೈಕೊಟ್ಟರೆ ಲೈಟ್ ದಾದಾನನ್ನು ಕರೆ. ಕೋಟಿಗಟ್ಟಲೆ ಸುರಿದವರೂ ಕೊನೆಗೆ ಅಲ್ಲಿಗೇ ಬಂದರಲ್ಲ ಅಂತ ನನಗೆ ಖುಷಿಯಾಯಿತು.

ನೀನು ರೈಲಿನ ಬಲಗಡೆ ಎಡಗಡೆ ಎಲ್ಲಾದರೂ ಕೂರು, ಕಣ್ಣು ಮಾತ್ರ ಮುಚ್ಚಬೇಡ. ಅದು ನಿಜವಾಗಿಯೂ ಕೈ ಬೀಸಿದ್ದು ಕಂಡರೆ ಇಲ್ಲಿ ನಡುರಾತ್ರಿಯಾಗಿದ್ದರೂ ಪರವಾಗಿಲ್ಲ, ಫೋನ್ ಮಾಡು. ಅಮ್ಮನ ಮಾತ್ರೆಗಳ ಚೀಟಿ ಕೈಚೀಲದಲ್ಲೇ ಇರಲಿ, ಲತಾಳಿಗೂ ಮಕ್ಕಳಿಗೂ ಕೇಳಿದೆ ಅಂತ ಹೇಳು.

ನಿನ್ನ,
ರಘು