ನಿಮ್ಮ ಬ್ರೌನ್ ಏಲ್ ಹುಳಿಯಾಗಿತ್ತು, ‘ಕ್ರಾಫ್ಟ್ ಅಲ್ವಾ’ ಅಂದರೆ ಸಾಲದು

ಮ್ಯಾನೇಜರ್ ಅವರಿಗೆ,

ನಮಸ್ಕಾರ. ಕಳೆದ ಶನಿವಾರ ರಾತ್ರಿ ಮಂಗಳೂರಿನ ನಿಮ್ಮ ಪಬ್ಬಿನಲ್ಲಿ ಕುಡಿದ, ಅಂದರೆ ಅರ್ಧ ಕುಡಿದು ಬಿಟ್ಟ, ಬ್ರೌನ್ ಏಲ್ ಅನ್ನುವ ಕಂದು ಬಿಯರ್ ಬಗ್ಗೆ ಈ ದೂರು. ಬಿಯರ್ ಹಾಳಾಗಿತ್ತು. ಹೇಳಿದರೂ ಬದಲಿಸಿ ಕೊಡಲಿಲ್ಲ. ಸಾಲದ್ದಕ್ಕೆ ಸರ್ವಿಸ್ ಚಾರ್ಜ್ ಬೇರೆ. ಬಿಲ್ಲಿನ ಫೋಟೋ ಕಳಿಸಿದ್ದೇನೆ.

ನಿಮ್ಮ ಮೆನುವಿನಲ್ಲಿ ‘ನ್ಯೂಕ್ಯಾಸಲ್ ಶೈಲಿ, ಕ್ಯಾರಮೆಲ್ ಮತ್ತು ಹುರಿದ ಬೀಜದ ರುಚಿ’ ಅಂತ ಇತ್ತು. ಅದನ್ನು ಓದಿಯೇ ಆರ್ಡರ್ ಮಾಡಿದ್ದು. 1927ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಆ ನ್ಯೂಕ್ಯಾಸಲ್ ಬ್ರೌನ್ ಏಲ್ ಮೆತ್ತಗಿನದು, ಸ್ವಲ್ಪ ಸಿಹಿ, ಕಹಿ ಕಡಿಮೆ, ಆಲ್ಕೋಹಾಲ್ ಕೂಡ 4.7 ಶೇಕಡಾ ಅಷ್ಟೇ. ಘೀ ರೋಸ್ಟ್ ಖಾರಕ್ಕೆ ಇದಕ್ಕಿಂತ ಒಳ್ಳೆ ಜೊತೆ ಇಲ್ಲ ಅಂತ ನನ್ನ ಅಭಿಪ್ರಾಯ.

ಬಂದದ್ದೇ ಬೇರೆ. ಗ್ಲಾಸನ್ನು ಫ್ರೀಜರಿನಿಂದ ತೆಗೆದು ತಂದಿದ್ದರು, ಹೊರಗೆಲ್ಲ ಹಿಮ ಕಟ್ಟಿತ್ತು. ಬ್ರೌನ್ ಏಲನ್ನು 8ರಿಂದ 12 ಡಿಗ್ರಿಯಲ್ಲಿ ಕೊಟ್ಟರೆ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ರುಚಿ ಗೊತ್ತಾಗುತ್ತದೆ, ಆದರೆ ನಮ್ಮ ಊರಿನ ಸೆಕೆಗೆ ಜನ ಚಿಲ್ಡ್ ಬೇಕು ಅಂತಲೇ ಕೇಳುತ್ತಾರೆ, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಗ್ಲಾಸಿನ ಒಳಬದಿಯಲ್ಲಿ ಅಲ್ಲಲ್ಲಿ ಗುಳ್ಳೆ ಅಂಟಿಕೊಂಡಿತ್ತು. ನೊರೆ ಎರಡು ಗುಟುಕು ಮುಗಿಯುವಷ್ಟರಲ್ಲಿ ಮಾಯ. ಗ್ಲಾಸಿನಲ್ಲಿ ಜಿಡ್ಡೋ ಸೋಪೋ ಉಳಿದರೆ ಹೀಗಾಗುತ್ತದೆ. ಅದನ್ನೂ ಬಿಟ್ಟೆ.

ಆಮೇಲೆ ಗ್ಲಾಸಿನ ತಣ್ಪು ಇಳಿದ ಹಾಗೆ ಬಿಯರಿನ ನಿಜ ಬಣ್ಣ ಹೊರಗೆ ಬಂತು. ಮೂಗಿಗೆ ಕಾಯಿಸಿದ ಬೆಣ್ಣೆಯ ವಾಸನೆ, ನಾಲಿಗೆಗೆ ಚುರುಕ್ ಅನ್ನುವ ಹುಳಿ, ನುಂಗಿದ ಮೇಲೆ ಗಂಟಲಿನಲ್ಲಿ ಒಂಥರಾ ಲೋಳೆ. ಬೆಳಿಗ್ಗೆ ಇಳಿಸಿದ ಕಳ್ಳನ್ನು ಸಂಜೆ ಕುಡಿದ ಹಾಗೆ ಆಯಿತು, ಮಾರಾಯ್ರೆ. ಕಳ್ಳಿಗಾದರೆ ಅದು ಸಹಜ. ನಾನೂ ಬೈಯುವುದಿಲ್ಲ.

ವೇಟರ್ ಹುಡುಗನನ್ನು ಕರೆದು ಹೇಳಿದೆ. ‘ಸರ್, ಇದು ಕ್ರಾಫ್ಟ್ ಅಲ್ವಾ, ಹಾಗೇ ಇರ್ತದೆ’ ಅಂದ. ಕ್ರಾಫ್ಟ್ ಅಂದರೆ ಸಣ್ಣ ಪ್ರಮಾಣದಲ್ಲಿ ತಯಾರಿಸುವ ಬಿಯರ್. ಪಾಪ, ಅವನಿಗೆ ಯಾರೋ ಕಲಿಸಿ ಕೊಟ್ಟ ಮಾತು. ಕೌಂಟರಿನಲ್ಲಿದ್ದವರೂ ಅದನ್ನೇ ಹೇಳಿದರು, ಒಂದು ಗುಟುಕು ರುಚಿ ನೋಡಿ ಅಂದರೆ ಗ್ಲಾಸನ್ನು ಮುಟ್ಟಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಬಿಯರಿಗಿಂತ ಜಾಸ್ತಿ ಇದಕ್ಕೇ. ಬೆಲ್ಜಿಯಂನ ಫ್ಲಾಂಡರ್ಸ್ ಕಡೆ ಹುಳಿ ಬ್ರೌನ್ ಏಲ್ ಮಾಡುತ್ತಾರೆ, ಗೊತ್ತು, ಆದರೆ ಅದನ್ನು ಹುಳಿ ಅಂತ ಹೇಳಿಯೇ ಮಾರುತ್ತಾರೆ, ಕ್ಯಾರಮೆಲ್ ಅಂತ ಬರೆದು ಹುಳಿ ಕೊಡುವುದಿಲ್ಲ.

ಬೆಣ್ಣೆ ವಾಸನೆ ಮತ್ತು ಹುಳಿ ಎರಡೂ ಒಟ್ಟಿಗೆ ಬಂದರೆ ಮೊದಲು ನೋಡಬೇಕಾದದ್ದು ಟ್ಯಾಂಕಿನಿಂದ ಟ್ಯಾಪಿಗೆ ಬಿಯರ್ ತರುವ ಪೈಪ್. ಪೈಪ್ ತೊಳೆಯದಿದ್ದರೆ ಒಳಗೆ ಬ್ಯಾಕ್ಟೀರಿಯಾ ಕೂತು ಒಳ್ಳೆಯ ಬಿಯರನ್ನೂ ಕೆಡಿಸುತ್ತದೆ. ಅಮೆರಿಕದ ಬಿಯರ್ ತಯಾರಕರ ಸಂಘ ಬ್ರೂವರ್ಸ್ ಅಸೋಸಿಯೇಷನ್ ಎರಡು ವಾರಕ್ಕೊಮ್ಮೆ ತೊಳೆಯಿರಿ ಅನ್ನುತ್ತದೆ. ನಮ್ಮ ಈ ಸೆಕೆಯಲ್ಲಿ ಅದಕ್ಕಿಂತ ಸಡಿಲ ಬಿಡುವ ಹಾಗಿಲ್ಲ. ನಿಮ್ಮಲ್ಲಿ ಸುಲಭವಾಗಿ ಪತ್ತೆ ಮಾಡಬಹುದು: ಟ್ಯಾಂಕಿನಿಂದ ನೇರ ಒಂದು ಗ್ಲಾಸ್, ಟ್ಯಾಪಿನಿಂದ ಒಂದು ಗ್ಲಾಸ್, ಎರಡನ್ನೂ ಪಕ್ಕದಲ್ಲಿಟ್ಟು ಕುಡಿದು ನೋಡಿ. ಟ್ಯಾಂಕಿನದು ಚೆನ್ನಾಗಿದ್ದರೆ ಪೈಪಿನದೇ ತೊಂದರೆ. ಎರಡೂ ಹಾಗೇ ಇದ್ದರೆ ಆ ಬ್ಯಾಚನ್ನೇ ಚೆಲ್ಲಬೇಕು. ದುಡ್ಡು ಹೋಗುತ್ತದೆ, ನಿಜ, ಆದರೆ ಅದು ನನ್ನ ಬಿಲ್ಲಿನಿಂದ ಹೋಗಬಾರದು.

ಸರ್ವಿಸ್ ಚಾರ್ಜ್ ಬಗ್ಗೆ ಎರಡೇ ಮಾತು. ಬಿಲ್ಲಿಗೆ ತಾನಾಗಿಯೇ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿ ಹಿಡಿದಿದೆ. ತೆಗೆಯಿರಿ ಅಂದದ್ದಕ್ಕೆ ‘ಸಿಸ್ಟಮ್ಮಿನಲ್ಲಿ ಬರ್ತದೆ ಸರ್’ ಅಂದರು. ಸಿಸ್ಟಮ್ ನಿಮ್ಮದೇ ಅಲ್ವಾ? ಹುಡುಗನಿಗೆ ಟಿಪ್ಸ್ ನಾನು ಕೈಯಲ್ಲೇ ಕೊಟ್ಟಿದ್ದೇನೆ.

ಬ್ರೌನ್ ಏಲಿನ ದುಡ್ಡು ಮತ್ತು ಸರ್ವಿಸ್ ಚಾರ್ಜ್ ಎರಡನ್ನೂ ವಾಪಸ್ ಮಾಡಿ. ಪೈಪ್ ಕೊನೆಯ ಸಲ ಯಾವಾಗ ತೊಳೆದದ್ದು ಅಂತ ತಾರೀಕು ಹಾಕಿ ಉತ್ತರ ಬರೆಯಿರಿ. ಘೀ ರೋಸ್ಟ್ ಚೆನ್ನಾಗಿತ್ತು, ಅದರ ದುಡ್ಡು ಬೇಡ. ಒಂದು ವಾರ ನೋಡುತ್ತೇನೆ, ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ.

ಇಂತಿ,
ಶನಿವಾರ ಕಿಟಕಿ ಪಕ್ಕದ ಟೇಬಲಿನಲ್ಲಿ ಕೂತಿದ್ದ ಗಿರಾಕಿ