ಬಾಡಿ ಲಿಫ್ಟನ್ನೂ ಲೆಕ್ಕಕ್ಕೆ ಸೇರಿಸಿ ಉದ್ದದ ಶಾಕ್ (ಶಾಕ್ ಅಬ್ಸಾರ್ಬರ್) ಕಳಿಸಿದ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಪಿಕಪ್‌ನ ಹಿಂಬದಿಯ ಶಾಕ್ ಜೋಡಿಯ ತಪ್ಪು ಆಯ್ಕೆ ಮತ್ತು ವಾರಂಟಿ ನಿರಾಕರಣೆ

ಮಾನ್ಯರೇ,

ನಿಮ್ಮ ಆರ್ಡರ್ ಫಾರಂ ಕೇಳುವುದು ಒಂದೇ ಪ್ರಶ್ನೆ: ಒಟ್ಟು ಲಿಫ್ಟ್, ಅಂದರೆ ಗಾಡಿಯನ್ನು ಎತ್ತರಿಸಿದ್ದು, ಎಷ್ಟು ಇಂಚು? ನನ್ನ ಪಿಕಪ್‌ನಲ್ಲಿ ಅದು 4. ಅದರಲ್ಲಿ ಲೀಫ್ ಸ್ಪ್ರಿಂಗ್‌ನಿಂದ ಬಂದದ್ದು 2 ಇಂಚು, ಉಳಿದ 2 ಇಂಚು ಬಾಡಿ ಲಿಫ್ಟ್, ಅಂದರೆ ಚಾಸಿಯಿಂದ (ಗಾಡಿಯ ಅಡಿಚೌಕಟ್ಟಿನಿಂದ) ಬಾಡಿಯನ್ನಷ್ಟೇ ಎತ್ತಿದ್ದು. ಷರಾ ಕಾಲಂನಲ್ಲಿ ಇದನ್ನು ಬಿಡಿಸಿ ಬರೆದಿತ್ತು, ಯಾರೂ ಓದಿದಂತಿಲ್ಲ. ಶಾಕ್‌ನ ಮೇಲ್ತುದಿ ಚಾಸಿಗೆ, ಕೆಳತುದಿ ಚಕ್ರಗಳನ್ನು ಹೊರುವ ಆಕ್ಸಲ್‌ಗೆ. ಚಾಸಿಯ ಮೇಲೆ ಬ್ಲಾಕ್ ಇಟ್ಟು ಬಾಡಿಯನ್ನು ಎಷ್ಟು ಎತ್ತಿದರೂ ಇವೆರಡರ ನಡುವಿನ ದೂರ ಬದಲಾಗುವುದಿಲ್ಲ. ಆದರೂ ಬಂದದ್ದು 4 ಇಂಚು ಲಿಫ್ಟ್‌ನ ಶಾಕ್.

ಅಳತೆಗಳು ಹೀಗಿವೆ, ಎಲ್ಲವೂ ಶಾಕ್ ಕೂರುವ ಓರೆಯಲ್ಲೇ, ಬೋಲ್ಟ್ ನಡುವಿನಿಂದ ಬೋಲ್ಟ್ ನಡುವಿಗೆ. ಗಾಡಿ ಸಮತಟ್ಟಿನಲ್ಲಿ ನಿಂತಾಗ 430 ಮಿ.ಮೀ. ಚಾಸಿಗೆ ಜ್ಯಾಕ್ ಕೊಟ್ಟು ಚಕ್ರ ಪೂರ್ತಿ ಜೋತುಬಿದ್ದಾಗ 525. ಬಂಪ್ ಸ್ಟಾಪ್ (ಆಕ್ಸಲ್ ಮೇಲೇರುವುದನ್ನು ತಡೆಯಲು ಚಾಸಿಗೆ ಹಾಕಿದ ರಬ್ಬರ್) ಆಕ್ಸಲ್‌ಗೆ ತಾಗುವಾಗ 350. ರಬ್ಬರ್ ಇನ್ನೂ 15 ಮಿ.ಮೀ. ಅಮುಕುತ್ತದೆ, ಅಂದರೆ 335. ಸುರಕ್ಷತೆಗೆ 10 ಮಿ.ಮೀ. ಕಳೆದರೆ ಶಾಕ್ ಪೂರ್ತಿ ಮಡಚಿದಾಗಿನ ಉದ್ದ 325 ಮೀರಬಾರದು. ನಿಮ್ಮ ಶಾಕ್ 372ಕ್ಕೇ ತಳ ಮುಟ್ಟುತ್ತದೆ, ಬಂಪ್ ಸ್ಟಾಪ್ ತಾಗಲು ಇನ್ನೂ 22 ಮಿ.ಮೀ. ಇರುವಾಗಲೇ. ಬಿಚ್ಚಿದರೆ 620, ಸ್ಪ್ರಿಂಗ್ 525ಕ್ಕೇ ನಿಲ್ಲುವುದರಿಂದ ಮೇಲಿನ 95 ಮಿ.ಮೀ. ಎಂದೂ ಬಳಕೆಗೆ ಬಾರದ ಉದ್ದ.

ಬಂಪ್ ಸ್ಟಾಪ್ ತಡೆಯಬೇಕಾದ ಹೊಡೆತವನ್ನೆಲ್ಲ ಶಾಕ್ ತಿಂದಿದೆ. ಎಡಗಡೆಯದರ ಪಿಸ್ಟನ್ ತಳದ ಬೇಸ್ ವಾಲ್ವಿಗೆ ಬಡಿದು ಒಳಗೆ ಲೊಟಲೊಟ ಎನ್ನುತ್ತಿದೆ, ರಾಡ್ ಬಾಗಿ ಆಯಿಲ್ ಸೀಲ್ ಹರಿದಿದೆ. ಬಲಗಡೆ ಕೆಳಗಿನ ಬುಷ್ ಕಿತ್ತುಬಂದು ಬ್ರಾಕೆಟ್‌ನ ವೆಲ್ಡಿಂಗ್ ಸೀಳಿದೆ.

ವಾರಂಟಿ ನಿರಾಕರಿಸಲು ಕೊಟ್ಟ 'ಒರಟು ಬಳಕೆ' ಎಂಬ ನಿಮ್ಮ ಉತ್ತರ ನಿಲ್ಲುವುದಿಲ್ಲ. ಬಂಪ್ ಸ್ಟಾಪ್ ರಬ್ಬರಿನ ಮೇಲೆ ಒಂದು ಗುರುತೂ ಇಲ್ಲ, ಶಾಕ್ ಮೊದಲೇ ತಳ ಮುಟ್ಟಿದ್ದರಿಂದ ಆಕ್ಸಲ್ ಅದಕ್ಕೆ ತಾಗೇ ಇಲ್ಲ. ಬಲಗಡೆಯ ರಾಡ್‌ಗೆ ಕಟ್ಟಿದ ಝಿಪ್ ಟೈ ಒಂದೇ ಹಳ್ಳಕ್ಕೆ ರಾಡ್‌ನ ಬುಡಕ್ಕೆ ಹೋಗಿ ಕೂತಿತು, ಅಂದರೆ ಶಾಕ್ ಪೂರ್ತಿ ಮಡಚಿತ್ತು. ಫೋಟೋಗಳು ಜೊತೆಗಿವೆ.

ಬಂಪ್ ಸ್ಟಾಪ್ ಮತ್ತು ಚಾಸಿ ನಡುವೆ ಸ್ಪೇಸರ್ (ಅಂತರ ತುಂಬುವ ತುಂಡು) ಹಾಕಿ ಎಂದಿದ್ದೀರಿ. ಲೆಕ್ಕ ಹಾಕಿ ಹೇಳಿದಿರಾ? 372ಕ್ಕೆ ರಬ್ಬರಿನ 15, ಸುರಕ್ಷತೆಯ 10 ಸೇರಿ 397. ಬಂಪ್ ಸ್ಟಾಪ್ 350ರ ಬದಲು ಅಲ್ಲೇ ತಾಗಲು ಕನಿಷ್ಠ 47 ಮಿ.ಮೀ. ಸ್ಪೇಸರ್ ಬೇಕು. ಚಕ್ರ ಮೇಲೇರಲು ಇದ್ದ 80 ಮಿ.ಮೀ.ಯಲ್ಲಿ 33 ಉಳಿಯುತ್ತದೆ. ಕಲ್ಲುದಾರಿಗೆಂದೇ ಕಟ್ಟಿದ ಗಾಡಿಗೆ ಇದು ಪರಿಹಾರವಲ್ಲ, ನಿಮ್ಮ ಸ್ಟಾಕ್ ಉಳಿಸುವ ಉಪಾಯ.

ಬೇಕಾಗಿರುವುದು ಮಡಚಿದಾಗ 325, ಬಿಚ್ಚಿದಾಗ 530 ಮಿ.ಮೀ. ಇರುವ, ಎರಡೂ ತುದಿಗೆ ಬೋಲ್ಟ್ ತೂರುವ ಕಣ್ಣಿರುವ ಜೋಡಿ. ಇದು 2 ಇಂಚು ಲಿಫ್ಟ್‌ನ ಶಾಕ್‌ಗಳಲ್ಲೇ ಸಿಗುವ ಅಳತೆ. ಅದನ್ನು ಸಾಗಣೆ ವೆಚ್ಚವಿಲ್ಲದೆ 15 ದಿನದೊಳಗೆ ಕಳಿಸಿ, ಬ್ರಾಕೆಟ್ ರಿಪೇರಿಯ ಬಿಲ್ ಭರಿಸಿ. ಮುಂಬದಿಯ ಶಾಕ್ ಜೋಡಿಯೂ ಅದೇ ತಪ್ಪು ಲೆಕ್ಕದ್ದು. ಪೆಟ್ಟಿಗೆ ಒಡೆದಿಲ್ಲ, ವಾಪಸು ತೆಗೆದುಕೊಳ್ಳಿ. ಫಾರಂನಲ್ಲಿ ಸ್ಪ್ರಿಂಗ್ ಲಿಫ್ಟ್, ಬಾಡಿ ಲಿಫ್ಟ್ ಬೇರೆ ಬೇರೆ ಕಾಲಂ ಆಗಲಿ. ನಿಂತಾಗಿನ, ಜೋತಾಗಿನ, ಅಮುಕಿದಾಗಿನ ಮೂರು ಅಳತೆ ತುಂಬದೆ ಆರ್ಡರ್ ಮುಂದೆ ಹೋಗದಿರಲಿ.

ಇತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಅಳತೆ ಪಟ್ಟಿ, ಫೋಟೋಗಳು