ಡಿಸ್ಕ್ ಕೆಟ್ಟಿಲ್ಲ, ವಾಪಸ್ ಕೊಡಬೇಡಿ

ಸ್ಟುಟ್‌ಗಾರ್ಟ್, ಭಾನುವಾರ ರಾತ್ರಿ

ಅಪ್ಪಾ, ಅವ್ವಾ, ನಮಸ್ಕಾರ.

ನಾನು ಆರಾಮ ಇದ್ದೇನೆ. ಶೇಂಗಾ ಚಟ್ನಿ ಇನ್ನೂ ಅರ್ಧ ಡಬ್ಬಿ ಇದೆ. ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿನ್ನುತ್ತೇನೆ, ಬೈಯಬೇಡ ಅವ್ವಾ.

ಅಪ್ಪಾ, ಪ್ರೆಸ್ಸಿನ ಕಂಪ್ಯೂಟರ್ ವಿಷಯ. ಹೊಸ 500 ಜಿಬಿ ಡಿಸ್ಕ್ ಸತ್ತಿದೆ, ಕಂಪ್ಯೂಟರನ್ನೇ ಬದಲಿಸಿ ಅಂತ ಅಂಗಡಿಯವರು ಅಂದರಂತೆ. ಒಪ್ಪಬೇಡಿ. ಹೊಸದು ತಂದರೆ ನಿಮ್ಮ ಫಾಂಟ್ ನಡೆಯೋಕೆ ಕಂಪ್ಯೂಟರಿಗೆ ಸಿಕ್ಕಿಸೋ ಆ ಲಾಕಿಗೆ ಪ್ಯಾರಲಲ್ ಪೋರ್ಟ್, ಅಂದರೆ ಹಳೇ ಪ್ರಿಂಟರ್ ಕೇಬಲ್ ಹಾಕೋ ಜಾಗ, ಎಲ್ಲಿಂದ ತರೋದು? ಲಾಕ್ ಇಲ್ಲ ಅಂದರೆ ಇಷ್ಟು ವರ್ಷದ ಲಗ್ನಪತ್ರಿಕೆ ಫೈಲುಗಳೆಲ್ಲ ಇದ್ದೂ ಇಲ್ಲದ ಹಾಗೆ.

ನಮ್ಮ ವರ್ಕ್‌ಶಾಪಿನ ನೆಲಮಾಳಿಗೆಯಲ್ಲಿ ಹಳೇ ಕಂಪ್ಯೂಟರ್ ಮದರ್‌ಬೋರ್ಡುಗಳ ರಾಶಿಯೇ ಇದೆ. ತಮ್ಮ ಕಳಿಸಿದ ನಿಮ್ಮ ಬೋರ್ಡಿನ ಫೋಟೋ ಪಕ್ಕದಲ್ಲಿಟ್ಟುಕೊಂಡು ಅದೇ ಚಿಪ್ ಇರೋ ಒಂದನ್ನು ಹುಡುಕಿ, ನಿನ್ನೆ ಇಡೀ ದಿನ ಒಂದೊಂದೇ ಡಿಸ್ಕ್ ಸಿಕ್ಕಿಸಿ ನೋಡಿದೆ. 80 ಜಿಬಿಯ ಹಳೇ ಸಾಟಾ ಡಿಸ್ಕ್ (ತೆಳು ಕೇಬಲ್ಲಿನಿಂದ ಬೋರ್ಡಿಗೆ ಜೋಡಿಸೋ ಬಗೆ) ಹಾಕಿದ ಕೂಡಲೇ ಪರದೆ ಮೇಲೆ ಅದರ ಹೆಸರು ಬಂತು. ಇಲ್ಲಿರೋ ಒಂದು 500 ಜಿಬಿ ಡಿಸ್ಕ್ ಹಾಕಿದರೆ ಕಪ್ಪು ಪರದೆ ಮೇಲೆ ಕರ್ಸರ್ ಸುಮ್ನೆ ಮಿಣುಕುತ್ತಾ ನಿಂತು, ಆಮೇಲೆ ಡಿಸ್ಕೇ ಇಲ್ಲ ಅಂತು. ಅದನ್ನೇ ಹೊಸ ಬೋರ್ಡಿಗೆ ಹಾಕಿದೆ, ಓಡಿತು!

ಆ ಹಳೇ ಬೋರ್ಡಿಗೆ ಗೊತ್ತಿರೋದು ಸೆಕೆಂಡಿಗೆ 1.5 ಗಿಗಾಬಿಟ್ ವೇಗ ಮಾತ್ರ. ಡಿಸ್ಕ್ ಮಾತು ಶುರು ಮಾಡೋದೇ 3ರಲ್ಲಿ. ಹೀಗಾದಾಗ ಎರಡೂ ಕಡಿಮೆ ವೇಗಕ್ಕೆ ಹೊಂದಿಕೊಳ್ಳಬೇಕು, ಆದರೆ ಆ ಕಾಲದ ಕೆಲವು ಚಿಪ್‌ಗಳಿಗೆ ಅದು ಬರೋದಿಲ್ಲ. ಡಿಸ್ಕಿನ ಹಿಂದೆ, ಕೇಬಲ್ ಜಾಗದ ಪಕ್ಕ, ನಾಲ್ಕಾರು ಸಣ್ಣ ಪಿನ್ನುಗಳಿರುತ್ತವೆ. ಯಾವ ಜೋಡಿಗೆ ಜಂಪರ್, ಅಂದರೆ ಎರಡು ಪಿನ್ನು ಸೇರಿಸೋ ಪುಟ್ಟ ಟೋಪಿ, ಹಾಕಿದರೆ 1.5ಕ್ಕೆ ಇಳಿಯುತ್ತದೆ ಅಂತ ಲೇಬಲ್ ಮೇಲೆ ಚಿತ್ರ ಇತ್ತು. ಜಂಪರ್ ಬೆರಳಿಗೆ ಸಿಗದೆ ಎರಡು ಸಲ ಕೆಳಗೆ ಬಿತ್ತು, ಕೊನೆಗೆ ಚಿಮಟದಲ್ಲಿ ಹಿಡಿದು ಕೂರಿಸಿದೆ. ಡಿಸ್ಕ್ ಕಾಣಿಸಿತು. ನಿಮ್ಮದೂ ಇದೇ ಕಥೆ ಅಲ್ವಾ?

ತಮ್ಮನಿಗೆ ಹೇಳಿ, ಪ್ಲಗ್ ತೆಗೆದೇ ಕೈ ಹಾಕಲಿ. ಅವನ ಅವಸರ ನನಗೆ ಗೊತ್ತು. ಕೆಲವು ಡಿಸ್ಕಿಗೆ ಆ ಪಿನ್ನೇ ಇರೋದಿಲ್ಲ, ಹಾಗಿದ್ದರೆ ಪಿಸಿಐ ಸಾಟಾ ಕಾರ್ಡ್, ಅಂದರೆ ಬೋರ್ಡಿನ ಹಳೇ ಬಗೆಯ ಪಿಸಿಐ ಸ್ಲಾಟಿಗೆ ಸಿಕ್ಕಿಸಿ ಡಿಸ್ಕ್ ಜೋಡಿಸೋ ಕಾರ್ಡ್, ಬೇಕಾಗುತ್ತದೆ. ಇಲ್ಲಿ ಮೂರು ಕಾರ್ಡ್ ಹಾಕಿ ನೋಡಿದೆ. ಒಂದು ಬೂಟ್ ಆಗೋಕೇ ಬಿಡಲಿಲ್ಲ, ಎರಡು ನಡೆದವು. ಪಿಸಿಐ ದಾರಿಯೇ ಸೆಕೆಂಡಿಗೆ 133 ಎಂಬಿ, ಅದಕ್ಕಿಂತ ಜಾಸ್ತಿ ವೇಗ ಸಿಗೋದಿಲ್ಲ. ಲಗ್ನಪತ್ರಿಕೆಗೆ ಅಷ್ಟು ಸಾಕು. ಬರುವಾಗ ಒಂದು ಕಾರ್ಡ್ ತರುತ್ತೇನೆ.

ಹಳೇ 40 ಜಿಬಿ ಡಿಸ್ಕನ್ನು ಮಾತ್ರ ಯಾರ ಕೈಗೂ ಕೊಡಬೇಡಿ, ಫಾರ್ಮ್ಯಾಟ್ ಅನ್ನೋ ಮಾತು ಬಂದರೆ ಮೊದಲು ನನಗೆ ಫೋನ್ ಮಾಡಿ.

ನಿಮ್ಮ ಮಗಳು